ಕೆಂಪು ಕಲ್ಲಿನ ಬೆಲೆ

ಅಜ್ಜಿಯ ಬೆಳ್ಳಿಯ ಕಾಲ್ಗಡಗ ಮೂಸೆಯಲ್ಲಿ ಕರಗಿ ಮೊಮ್ಮಗಳ ಉಂಗುರವಾಗಿ ಮರಳುವುದು ನಮ್ಮ ಮನೆಗಳಿಗೆ ಹೊಸತಲ್ಲ. ಅಕ್ಕಸಾಲಿಗನಾದರೋ ಅರದಿಂದುದುರಿದ ಪುಡಿಯನ್ನೂ ಗುಡಿಸಿಟ್ಟು, ತೊಳೆಸಿ, ಲೋಹವನ್ನು ಮರಳಿ ಪಡೆಯುತ್ತಾನೆ. ಭೂಮಿಯನ್ನು ಮತ್ತೆ ಅಗೆಯದೆ ಒಡವೆ ಮಾಡುವ ಈ ಮಿತವ್ಯಯಕ್ಕೆ ಇಂದಿನವರು ಸುಸ್ಥಿರತೆಯೆಂದು ಹೆಸರಿಟ್ಟಿದ್ದಾರೆ.

ಆದರೆ ಉಂಗುರದ ಕಲ್ಲಿನ ಕಥೆ ಬೇರೆ. ಗುಜರಾತಿನ ರತನ್‌ಪುರದ ಗಣಿಗಳ ಅಕೀಕ್ ಕಲ್ಲನ್ನು ಖಂಭಾತಿನ ಕುಶಲಕರ್ಮಿಗಳು ಬಿಸಿಲಿಗೊಡ್ಡಿ, ಮಡಕೆಯಲ್ಲಿಟ್ಟು ಮೆಲ್ಲನೆ ಕಾಯಿಸುತ್ತಾರೆ. ಒಳಗಿನ ಕಬ್ಬಿಣದ ಅಂಶ ಶಾಖದಿಂದ ಮಾರ್ಪಟ್ಟು ಕಲ್ಲು ಕೆಂಪೇರುತ್ತದೆ. ಈ ವಿದ್ಯೆ ಬಹು ಪುರಾತನವಾದುದು. ಕನ್ನಡ ನಾಡಿನವರೇ ಆದ ಎಸ್. ಆರ್. ರಾವ್ ಅವರು 1955ರಿಂದ ಲೋಥಲ್‌ನಲ್ಲಿ ನಡೆಸಿದ ಉತ್ಖನನದಲ್ಲಿ ಹರಪ್ಪಾ ಕಾಲದ ಮಣಿಗಾರರ ಕಾರ್ಯಾಗಾರವೇ ದೊರೆಯಿತು.

ಇಷ್ಟು ಹಳೆಯ ಕಲೆಗೆ ಕಲಾವಿದನು ತೆರುತ್ತಿರುವುದು ತನ್ನ ಉಸಿರನ್ನು. ಒಣ ಸಾಣೆಯಿಂದೇಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಸಿಲಿಕೋಸಿಸ್ ತರುತ್ತದೆ, ಕ್ಷಯಕ್ಕೂ ದಾರಿಮಾಡುತ್ತದೆ. ಅದನ್ನು ಗುಣಪಡಿಸುವ ಔಷಧವಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಖಂಭಾತಿನಲ್ಲಿ ಈ ವ್ಯಾಧಿಯನ್ನು ಕುರಿತು ಅಧ್ಯಯನ ನಡೆಸಿದೆ. ಮನೆಯಲ್ಲೇ ಸಾಣೆಯಿದ್ದರೆ ಮಡದಿ ಮಕ್ಕಳ ಪಾಲಿಗೂ ಅದೇ ಗಾಳಿ.

ನೀರೆರೆದು ಸಾಣೆ ಹಿಡಿಯುವುದು, ಧೂಳನ್ನು ಹೀರುವ ಯಂತ್ರ ಜೋಡಿಸುವುದು ಇದಕ್ಕೆ ತಡೆ. ಆ ವೆಚ್ಚವನ್ನು ಬಡ ಕುಶಲಕರ್ಮಿಯೊಬ್ಬನೇ ಹೊರಲಾರ. ಕೊಳ್ಳುವವನೂ ಪಾಲು ಹೊರಬೇಕು. ಭೂಮಿಯನ್ನು ಉಳಿಸಿ ಮನುಷ್ಯನನ್ನು ಸವೆಸುವ ಒಡವೆ ಮಂಗಳಕರವೆನಿಸದು. ಬೆಳ್ಳಿಯ ತೂಕವನ್ನು ವಿಚಾರಿಸುವ ನಾವು, ಕಲ್ಲಿಗೆ ಸಾಣೆ ಹಿಡಿದವನ ಕ್ಷೇಮವನ್ನೂ ವಿಚಾರಿಸೋಣ.