ಅಕ್ಷರಗುಂಡು ಕಪ್ಪುಕುಳಿಗೆ ಬಿದ್ದರೆ

ಮೊದಲು ಒಂದು ಸಣ್ಣ ತಪ್ಪು ತಿಳಿವಳಿಕೆ ತಿದ್ದಿಕೊಳ್ಳೋಣ. ಬ್ರಹ್ಮಗಿರಿ ಎಂದೊಡನೆ ಕೊಡಗಿನ ಹಸಿರು ಬೆಟ್ಟ ಕಣ್ಣಿಗೆ ಬಂದರೆ ಅದು ಬೇರೆ, ಇದು ಬೇರೆ. ಇದು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಇಲ್ಲಿ ಮಳೆ ಕಡಿಮೆ, ಬಂಡೆ ಜಾಸ್ತಿ, ಬೆಟ್ಟದ ಬುಡದಲ್ಲಿ ಅಶೋಕನ ಶಾಸನ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಲೋಕಕ್ಕೆ ತಿಳಿಸಿದಾಗ ಸುತ್ತಲಿನ ಹಳ್ಳಿಯವರು ಆ ಬಂಡೆಗೆ ‘ಅಕ್ಷರಗುಂಡು’ ಎಂದೇ ಹೆಸರಿಟ್ಟುಕೊಂಡಿದ್ದರು. ಓದಲು ಬರುತ್ತಿರಲಿಲ್ಲ, ಆದರೆ ಅದು ಅಕ್ಷರ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಶಾಲೆಯ ಹುಡುಗರ ಗುಂಪೊಂದು ಬಂದಿತ್ತು. ಅವರಲ್ಲೊಬ್ಬ ಬಂಡೆಯನ್ನು ತುಂಬ ಹೊತ್ತು ನೋಡಿ, “ಸಾರ್, ಈ ಗುಂಡನ್ನ ಎತ್ತಿ ಬ್ಲ್ಯಾಕ್ ಹೋಲ್‌ಗೆ ಹಾಕಿದ್ರೆ ಅಕ್ಷರ ಎಲ್ಲಿಗೆ ಹೋಗ್ತಾವೆ?” ಎಂದ. ಜತೆಯವರು ಗೊಳ್ಳೆಂದರು. ಮೇಷ್ಟ್ರೂ ನಕ್ಕರು. ನಗುವ ಪ್ರಶ್ನೆಯೇನಲ್ಲ ಅದು. ಭೌತವಿಜ್ಞಾನಿಗಳು ಅರ್ಧ ಶತಮಾನದಿಂದ ಗುದ್ದಾಡುತ್ತಿರುವುದು ಹೆಚ್ಚೂಕಡಿಮೆ ಇದೇ ಪ್ರಶ್ನೆಯೊಂದಿಗೆ. ಅದಕ್ಕೆ ಉತ್ತರ ಹುಡುಕುವ ಮುನ್ನ ದಾರಿಗಡ್ಡ ಬಿದ್ದಿರುವ ಕೆಲವು ನಂಬಿಕೆಗಳನ್ನು ಬದಿಗೆ ಸರಿಸಬೇಕು.

ಮೊದಲ ತೊಡಕು ಬ್ಲ್ಯಾಕ್ ಹೋಲ್‌ಗೆ ನಾವಿಟ್ಟ ‘ಕಪ್ಪುಕುಳಿ’ ಎಂಬ ಹೆಸರಿನದೇ. ಕುಳಿ ಎಂದರೆ ಏನೆಂದು ಚಳ್ಳಕೆರೆ ಸೀಮೆಗೆ ಹೇಳಿಕೊಡಬೇಕಿಲ್ಲ. ಚಂದ್ರಯಾನ-2ರ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೊ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿಸಿತ್ತು. ಅವು ನಿಜವಾದ ಕುಳಿಗಳು: ಅಂಚು, ಗೋಡೆ, ತಳ ಎಲ್ಲ ಇದ್ದವು. ಕಪ್ಪುಕುಳಿಗೆ ಇವು ಯಾವುವೂ ಇಲ್ಲ. ಎಲ್ಲ ದಿಕ್ಕಿನಿಂದಲೂ ಅದು ಉಂಡೆಯಂಥದೇ. ಅದಕ್ಕಿರುವುದು ಒಂದು ಗಡಿ ಮಾತ್ರ, ‘ಘಟನಾ ದಿಗಂತ’. ಅಲ್ಲಿ ಗೋಡೆಯಿಲ್ಲ, ಪೊರೆಯಿಲ್ಲ. ಆ ಗಡಿ ದಾಟಿದ್ದು ಬೆಳಕೇ ಆದರೂ ವಾಪಸು ಬರುವುದಿಲ್ಲ, ಅಷ್ಟೆ.

“ಕಪ್ಪುಕುಳಿ ಸುತ್ತಲಿನದನ್ನೆಲ್ಲ ಹೀರಿಕೊಳ್ಳುತ್ತದೆ.” ಟಿ.ವಿ.ಯವರಿಗೆ ಪ್ರಿಯವಾದ ಈ ಮಾತು ಶುದ್ಧ ತಪ್ಪು. ಸೂರ್ಯನನ್ನು ತೆಗೆದು ಅಷ್ಟೇ ತೂಕದ ಕಪ್ಪುಕುಳಿಯನ್ನು ಅಲ್ಲಿಟ್ಟರೆ ಅದರ ತ್ರಿಜ್ಯ ಸುಮಾರು 3 ಕಿಲೋಮೀಟರ್. ಎಂಟು ನಿಮಿಷ ಕಳೆದ ಮೇಲೆ ನಮಗೆ ಕತ್ತಲಾಗುತ್ತದೆ, ಆಮೇಲೆ ಚಳಿಗೆ ಸಾಯುತ್ತೇವೆ. ಆದರೆ ಭೂಮಿ ಮಾತ್ರ ಅದೇ ದಾರಿಯಲ್ಲಿ, ಅದೇ 365 ದಿನಕ್ಕೊಂದು ಸುತ್ತು ಹಾಕುತ್ತಲೇ ಇರುತ್ತದೆ. ನಮ್ಮ ಆಕಾಶಗಂಗೆಯ ನಡುವೆ ಸುಮಾರು 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯಿದೆ. ಅದರ ಸುತ್ತ ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಸುತ್ತುತ್ತದೆ. 2018ರ ಮೇ ತಿಂಗಳಲ್ಲಿ ಅದು ತೀರ ಹತ್ತಿರ ಹೋಗಿ, ಸೆಕೆಂಡಿಗೆ 7,000 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ತಿರುವು ಹೊಡೆದು, ಸುರಕ್ಷಿತವಾಗಿ ಹೊರಬಂತು. ಇಂಥ ನಕ್ಷತ್ರಗಳ ಓಡಾಟವನ್ನು ವರ್ಷಗಟ್ಟಲೆ ಅಳೆದದ್ದಕ್ಕೇ ಗೆನ್ಜೆಲ್ ಮತ್ತು ಗೆಜ್ ಅವರಿಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು.

ಬ್ರಹ್ಮಗಿರಿಯ ಬಯಲಿನಿಂದ ಆಕಾಶಗಂಗೆಯ ಆ ನಡುವಿನ ದಿಕ್ಕು ಗುರುತಿಸುವುದು ಸುಲಭ. ಜೂನ್ ನಡುವಿನ ಮೋಡವಿಲ್ಲದ ರಾತ್ರಿ, ಹನ್ನೆರಡೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖಮಾಡಿ ನಿಂತರೆ ದಿಗಂತಕ್ಕೂ ನೆತ್ತಿಗೂ ಸರಿಸುಮಾರು ನಡುವೆ, ಚೇಳಿನ ಬಾಲದ ಕೊಂಡಿಯ ಪಕ್ಕ. ಆ ಕೊಂಡಿಯೇ ಮೂಲಾ ನಕ್ಷತ್ರ. ‘ಮೂಲ’ ಎಂಬ ಹೆಸರೇ ಸಾಕ್ಷಿ, ನಮ್ಮವರಿಗೆ ಗ್ಯಾಲಕ್ಸಿಯ ಮೂಲ ಎಲ್ಲಿದೆ ಎಂದು ಮೊದಲೇ ಗೊತ್ತಿತ್ತು ಎಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿರುತ್ತದೆ. ಅಲ್ಲಿರುವ ಪುಟ್ಟ ರೇಡಿಯೊ ಸೆಲೆ ದೂರದರ್ಶಕಕ್ಕೆ ಸಿಕ್ಕಿದ್ದು 1974ರಲ್ಲಿ. ಬರಿಗಣ್ಣಿಗೆ ಅದು ಕಾಣುವ ಮಾತೇ ಇಲ್ಲ, ನಡುವೆ ಅಷ್ಟು ದೂಳಿದೆ. ಹೆಸರು ಹೊಂದಿದ್ದು ಕಾಕತಾಳೀಯ. ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗುವುದಿಲ್ಲ ಎಂದು ಒಳ್ಳೆಯ ಸಂಬಂಧಗಳನ್ನು ಮುರಿದುಕೊಂಡ ಮನೆಗಳು ನಮ್ಮಲ್ಲಿ ಎಷ್ಟೋ. ಮುರಿಯುವಾಗ ಗ್ಯಾಲಕ್ಸಿಯ ಮಾತು ಯಾರೂ ಎತ್ತಿರಲಿಲ್ಲ.

ಇನ್ನು ಒಳಗೆ ಬಿದ್ದದ್ದರ ಗತಿ. ನಿಜ ಹೇಳಬೇಕೆಂದರೆ, ಕಪ್ಪುಕುಳಿಯ ಹತ್ತಿರ ಬಂದದ್ದರಲ್ಲಿ ಬಹಳಷ್ಟು ನೇರ ಒಳಗೆ ಬೀಳುವುದೇ ಇಲ್ಲ. ಸುತ್ತಲೂ ತಟ್ಟೆಯಂತೆ ಸುತ್ತಿ, ಒಂದಕ್ಕೊಂದು ಉಜ್ಜಿ, ಕೋಟಿ ಡಿಗ್ರಿವರೆಗೂ ಕಾದು ಎಕ್ಸ್‌ರೇ ಚೆಲ್ಲುತ್ತದೆ. 2024ರ ಜನವರಿ 1ರಂದು ಹಾರಿದ ಇಸ್ರೊದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿರುವ ಪೋಲಿಕ್ಸ್ ಉಪಕರಣ ಇಂಥ ಎಕ್ಸ್‌ರೇಗಳನ್ನು ಅಳೆಯಲೆಂದೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು. ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯಿಂದಂತೂ ಸಾವಿರಾರು ಜ್ಯೋತಿರ್ವರ್ಷ ಉದ್ದದ ಚಿಲುಮೆ ಹೊರಚಿಮ್ಮುತ್ತಿದೆ. ನುಂಗುಬಾಕ ಎಂದು ಹೆಸರಾದದ್ದು ಉಗುಳುವುದರಲ್ಲೂ ಕಡಿಮೆಯಿಲ್ಲ.

“ಒಳಗಿನ ವಸ್ತು ಊಹಿಸಲಾಗದಷ್ಟು ಸಾಂದ್ರ.” ಅರ್ಧ ಸತ್ಯ. ಅದೇ ಎಂ87ರ ಕಪ್ಪುಕುಳಿ 650 ಕೋಟಿ ಸೂರ್ಯರ ತೂಕದ್ದು. 2019ರ ಏಪ್ರಿಲ್ 10ರಂದು ಜಗತ್ತು ನೋಡಿದ ಮೊದಲ ಚಿತ್ರ ಇದರದೇ. ಅದರ ತ್ರಿಜ್ಯ ಸುಮಾರು 1,900 ಕೋಟಿ ಕಿಲೋಮೀಟರ್. ಈ ತೂಕವನ್ನು ಆ ಉಂಡೆಯ ಗಾತ್ರಕ್ಕೆ ಹಂಚಿ ಲೆಕ್ಕ ಹಾಕಿ ನೋಡಿ, ಘನ ಮೀಟರಿಗೆ ಅರ್ಧ ಕಿಲೋ ಕೂಡ ಬರುವುದಿಲ್ಲ. ಬ್ರಹ್ಮಗಿರಿಯ ಮೇಲೆ ಬೀಸುವ ಗಾಳಿ ಅದಕ್ಕಿಂತ ಭಾರ! ದೊಡ್ಡದಾದಷ್ಟೂ ಸರಾಸರಿ ಸಾಂದ್ರತೆ ಇಳಿಯುತ್ತ ಹೋಗುತ್ತದೆ. ಇದು ಸರಾಸರಿ ಲೆಕ್ಕ ಎಂಬುದನ್ನು ಮರೆಯಬಾರದು. ಒಳಗೆ ವಸ್ತು ಹಾಗೆ ಹರಡಿಕೊಂಡು ಕೂತಿರುವುದಿಲ್ಲ.

ಗಡಿಯಲ್ಲೇ ಶಾವಿಗೆಯಂತೆ ಎಳೆಯೆಳೆಯಾಗಿ ಹೋಗುತ್ತೇವೆ ಎಂಬುದೂ ಕಪ್ಪುಕುಳಿಯ ಗಾತ್ರವನ್ನು ಅವಲಂಬಿಸಿದ ಮಾತು. ಹತ್ತು ಸೂರ್ಯರ ತೂಕದ ಕಪ್ಪುಕುಳಿಯಾದರೆ ಗಡಿ ಮುಟ್ಟುವ ಮೊದಲೇ ಕಥೆ ಮುಗಿಯುತ್ತದೆ. ಪಾದವನ್ನು ಎಳೆಯುವ ಬಲಕ್ಕೂ ತಲೆಯನ್ನು ಎಳೆಯುವ ಬಲಕ್ಕೂ ಅಲ್ಲಿ ಅಷ್ಟು ಅಂತರ. ಆಕಾಶಗಂಗೆಯ ನಡುವಿನದರಲ್ಲಿ ಆ ಅಂತರ ಗಡಿಯ ಬಳಿ ಗೊತ್ತೇ ಆಗದಷ್ಟು ಸಣ್ಣದು. ಅಕ್ಷರಗುಂಡು ಅಲ್ಲಿಗೆ ನೇರ ಬಿದ್ದರೆ ಒಂದು ಅಕ್ಷರವೂ ಮಾಸದೆ ಗಡಿ ದಾಟುತ್ತದೆ. ದೂರದಲ್ಲಿ ನಿಂತು ನೋಡುವವರಿಗೆ ಮಾತ್ರ ಬಂಡೆ ಗಡಿಯ ಹತ್ತಿರ ನಿಧಾನವಾಗುತ್ತ, ಕೆಂಪಾಗುತ್ತ, ಮಂಕಾಗುತ್ತ ಹೋಗಿ ಕಾಣದಾಗುತ್ತದೆ. ದಾಟಿದ್ದು ಅವರಿಗೆ ಎಂದೂ ಕಾಣಸಿಗುವುದಿಲ್ಲ. ಇದರಿಂದಲೇ “ಬಿದ್ದದ್ದು ಅಂಚಿನಲ್ಲೇ ಸಿಕ್ಕಿಕೊಳ್ಳುತ್ತದೆ” ಎಂಬ ನಂಬಿಕೆ ಹುಟ್ಟಿತು. ಸಿಕ್ಕಿಕೊಳ್ಳುವುದು ನಮಗೆ ಬರಬೇಕಾದ ಬೆಳಕು, ಬಂಡೆಯಲ್ಲ.

ಗಡಿ ದಾಟಿದ ಮೇಲೆ ಐನ್‌ಸ್ಟೈನರ ಸಮೀಕರಣ ಹೇಳುವುದು ತೀರ ವಿಚಿತ್ರ. ಒಳಗೆ ‘ನಡು’ ಎಂಬುದು ಒಂದು ಜಾಗವಾಗಿ ಉಳಿಯುವುದಿಲ್ಲ, ಮುಂದೆ ಬರಲಿರುವ ಹೊತ್ತಾಗಿಬಿಡುತ್ತದೆ. ಎಡಕ್ಕೆ ತಿರುಗಿ ನಾಳೆಯನ್ನು ತಪ್ಪಿಸಿಕೊಳ್ಳಲು ಆಗುತ್ತದೆಯೆ? ಹಾಗೆ. ತಿರುಗದ ಕಪ್ಪುಕುಳಿ ಎಂದಿಟ್ಟುಕೊಂಡರೆ, ಆಕಾಶಗಂಗೆಯ ನಡುವಿನದರಲ್ಲಿ ಆ ನಾಳೆಗೆ ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಎಂ87ರದರಲ್ಲಿ ಒಂದು ದಿನ ಮತ್ತು ಕೆಲವು ಗಂಟೆ. ಕಡೆಗೆ ಬರುವುದು ‘ಸಿಂಗ್ಯುಲಾರಿಟಿ’. ವಸ್ತುವೆಲ್ಲ ಅಲ್ಲಿ ಒಂದು ಬಿಂದುವಾಗಿ ಅನಂತ ಸಾಂದ್ರತೆಯಲ್ಲಿ ಕೂತಿದೆ ಎಂದು ಪುಸ್ತಕಗಳು ಬರೆಯುತ್ತವೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇದೇ. ಕಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ 1955ರಲ್ಲಿ ಕೊಟ್ಟ ಸಮೀಕರಣವನ್ನು ಹಿಡಿದು, ರೋಜರ್ ಪೆನ್‌ರೋಸ್ 1965ರಲ್ಲಿ ತೋರಿಸಿದ್ದು ಇಷ್ಟು: ಒಳಗೆ ಹೋದದ್ದರ ಹಾದಿ ಈ ಸಿದ್ಧಾಂತದಲ್ಲಿ ಎಲ್ಲೋ ಒಂದು ಕಡೆ ಮುಗಿದುಹೋಗುತ್ತದೆ. ಅನಂತ ಎಂಬುದು ಅಲ್ಲಿರುವ ವಸ್ತುವಿನ ಗುಣವಲ್ಲ, ನಮ್ಮ ಲೆಕ್ಕ ಕೈಕೊಟ್ಟ ಗುರುತು. ಅದರಾಚೆಗೆ ಹೋಗಲು ಗುರುತ್ವಕ್ಕೂ ಕ್ವಾಂಟಮ್‌ಗೂ ಹೊಂದುವ ಸಿದ್ಧಾಂತ ಬೇಕು. ಸಿಂಗ್ಯುಲಾರಿಟಿಯ ಜಾಗದಲ್ಲಿ ಕುಗ್ಗಿದ್ದು ಮತ್ತೆ ಹಿಗ್ಗುವ ಪುಟಿತವಿದೆ ಎನ್ನುತ್ತದೆ ಅಭಯ್ ಅಷ್ಟೇಕರ್ ಮತ್ತು ಜೊತೆಗಾರರ ಲೂಪ್ ಕ್ವಾಂಟಮ್ ದಾರಿ. ಒಳಗೆ ಖಾಲಿಯೇ ಇಲ್ಲ, ಗಡಿಯವರೆಗೂ ತಂತುಗಳ ಗೋಜಲು ತುಂಬಿದೆ ಎನ್ನುತ್ತದೆ ಸಮೀರ್ ಮಾಥುರ್ ಅವರ ‘ಫಜ್‌ಬಾಲ್’ ವಾದ. ಎರಡೂ ಊಹೆಗಳೇ, ಆದರೆ ಲೆಕ್ಕ ಹಾಕಿ ಮಾಡಿದ ಊಹೆಗಳು.

ಇನ್ನೊಂದು ವಿಶ್ವಕ್ಕೆ ಬಾಗಿಲು ಎಂಬ ಸಿನಿಮಾ ಕಥೆಗೆ ಎರಡೇ ಮಾತು. ಯಾವಾಗಲೂ ಇದ್ದ, ಹುಟ್ಟೇ ಇಲ್ಲದ ಕಪ್ಪುಕುಳಿಯ ಗಣಿತದಲ್ಲಿ ಅಂಥ ಸುರಂಗ ಕಾಣುತ್ತದೆ. ಆದರೆ ನಕ್ಷತ್ರ ಕುಸಿದು ಹುಟ್ಟಿದ ಕಪ್ಪುಕುಳಿಯ ಗಣಿತದಲ್ಲಿ ಸುರಂಗದ ಆ ಭಾಗವೇ ಇರುವುದಿಲ್ಲ.

“ಹೊರಗಿನಿಂದ ಏನೂ ತಿಳಿಯುವಂತಿಲ್ಲ, ಇದೆಲ್ಲ ಬರೀ ಕಲ್ಪನೆ” ಎನ್ನುವವರಿಗೆ ಉತ್ತರ ಒಬ್ಬ ಕನ್ನಡಿಗರ ಹೆಸರಲ್ಲಿದೆ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅಮೆರಿಕದ ಮೇರಿಲೆಂಡಿನಲ್ಲಿ ಚಾರ್ಲ್ಸ್ ಮಿಸ್ನರ್ ಬಳಿ ಓದಿದವರು. ಗುಡಿಯ ಗಂಟೆ ಬಾರಿಸಿದರೆ ನಾದ ಕೇಳಿಯೇ ಅದು ದೊಡ್ಡದೋ ಚಿಕ್ಕದೋ ಹೇಳಬಹುದಲ್ಲ, ಕಪ್ಪುಕುಳಿಯನ್ನೂ ಹಾಗೆ ತಟ್ಟಿ ನೋಡಿದರೆ? ಅವರು ಕಂಪ್ಯೂಟರಿನಲ್ಲಿ ಕಪ್ಪುಕುಳಿಯ ಮೇಲೆ ಗುರುತ್ವದ ಅಲೆಯೊಂದನ್ನು ಬಿಟ್ಟು ನೋಡಿದರು. ಮರಳಿ ಬಂದದ್ದು ಮಿಡಿದು ಮಿಡಿದು ಬೇಗ ತಣ್ಣಗಾಗುವ ಕಂಪನ. ಅದರ ಸ್ವರ ಕಪ್ಪುಕುಳಿಯ ತೂಕವನ್ನೇ ಹೇಳುತ್ತಿತ್ತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 45 ವರ್ಷದ ನಂತರ, 2015ರ ಸೆಪ್ಟೆಂಬರ್ 14ರಂದು, 36 ಮತ್ತು 29 ಸೂರ್ಯರ ತೂಕದ ಎರಡು ಕಪ್ಪುಕುಳಿಗಳು ಕೂಡಿ 62ರದ್ದೊಂದು ಆದ ಅಲೆ ಅಮೆರಿಕದ ಲೈಗೊ ಉಪಕರಣಕ್ಕೆ ಸಿಕ್ಕಿತು. ಕೊನೆಯಲ್ಲಿತ್ತು, ಅವರು ಹೇಳಿದ್ದಂಥದೇ ಆರುವ ನಾದ. ಉಳಿದ ಮೂರು ಸೂರ್ಯರ ತೂಕ ಅಲೆಗಳಾಗಿ ಹೊರಟುಹೋಗಿತ್ತು. ಈ ಸುದ್ದಿ 2016ರ ಫೆಬ್ರುವರಿಯಲ್ಲಿ ಹೊರಬಿತ್ತು. 2017ರ ಜನವರಿಯಲ್ಲಿ ವಿಶ್ವೇಶ್ವರ ತೀರಿಕೊಂಡರು. ನೋಡಿಯೇ ಹೋದರು ಎಂಬುದು ಸಮಾಧಾನ. ಬೆಂಗಳೂರಿನ ನೆಹರೂ ತಾರಾಲಯದ ಮೊದಲ ನಿರ್ದೇಶಕರೂ ಅವರೇ. ಅಲ್ಲಿ ತಲೆಯೆತ್ತಿ ನಕ್ಷತ್ರ ನೋಡಿ ಬಂದ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಈಗ ಹುಡುಗನ ಪ್ರಶ್ನೆ. ಗಂಟೆಯ ನಾದ ನಿಂತ ಮೇಲೆ ಕಪ್ಪುಕುಳಿಯಲ್ಲಿ ಹೊರಗಿನವರು ಅಳೆಯಬಹುದಾದದ್ದು ಮೂರೇ: ತೂಕ, ತಿರುಗುವಿಕೆ, ವಿದ್ಯುದಂಶ. ಒಳಗೆ ಹೋದದ್ದು ಅಕ್ಷರಗುಂಡೋ, ಅಷ್ಟೇ ತೂಕದ ಚಳ್ಳಕೆರೆ ಶೇಂಗಾ ಚೀಲಗಳೋ, ಹೊರಗಿನಿಂದ ವ್ಯತ್ಯಾಸವಿಲ್ಲ. ಒಳಗೆ ಭದ್ರವಾಗಿರಬಹುದಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ 1974ರಲ್ಲಿ ಸ್ಟೀಫನ್ ಹಾಕಿಂಗ್ ಕಪ್ಪುಕುಳಿ ತೀರ ಮೆಲ್ಲಗೆ ಶಾಖ ಸೂಸಿ ಕರಗುತ್ತದೆ ಎಂದು ತೋರಿಸಿದರು. ಸೂರ್ಯನಷ್ಟು ತೂಕದ್ದು ಕರಗಿ ಮುಗಿಯಲು ಬೇಕಾದ ವರ್ಷಗಳನ್ನು ಬರೆಯಲು 1ರ ಮುಂದೆ 67 ಸೊನ್ನೆ ಹಾಕಬೇಕು. ಕರಗಿ ಹೋದ ಮೇಲೆ ಅಕ್ಷರಗಳೆಲ್ಲಿ?

ತಾಳೆಗರಿ ಸುಟ್ಟರೆ ಬರಹ ನಾಶವಾಯಿತು ಎನ್ನುತ್ತೇವೆ. ಭೌತವಿಜ್ಞಾನ ಹಾಗೆನ್ನುವುದಿಲ್ಲ. ಹೊಗೆ, ಬೂದಿ, ಬೆಳಕಿನ ಒಂದೊಂದು ಕಣವನ್ನೂ ಹಿಡಿದು ಲೆಕ್ಕ ಹಿಂದಕ್ಕೆ ಓಡಿಸಿದರೆ ಬರಹ ಸಿಗಲೇಬೇಕು. ಹಾಕಿಂಗ್ ಪ್ರಕಾರ ಕಪ್ಪುಕುಳಿಯ ಶಾಖದಲ್ಲಿ ಅಂಥ ಯಾವ ಗುರುತೂ ಇಲ್ಲ. ಬರಹ ಶಾಶ್ವತವಾಗಿ ಅಳಿದಂತೆ. 1997ರಲ್ಲಿ ಈ ಬಗ್ಗೆ ಅವರು ಜಾನ್ ಪ್ರೆಸ್ಕಿಲ್ ಜೊತೆ ಪಂಥ ಕಟ್ಟಿದರು. 2004ರಲ್ಲಿ ಸೋತೆನೆಂದು ಒಪ್ಪಿ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. 2019ರಿಂದ ಈಚೆಗೆ ಪೆನಿಂಗ್ಟನ್, ಅಲ್ಮೇರಿ ಮೊದಲಾದವರು ಮಾಡಿದ ಲೆಕ್ಕಗಳೂ ಮಾಹಿತಿ ಹೊರಬರುತ್ತದೆ ಎಂಬ ಕಡೆಗೇ ವಾಲುತ್ತವೆ. ಹೇಗೆ ಬರುತ್ತದೆ, ಯಾವ ಕಣ ಅದನ್ನು ಹೊತ್ತು ತರುತ್ತದೆ ಎಂಬುದನ್ನು ಇಂದಿಗೂ ಯಾರೂ ಬಿಡಿಸಿ ಹೇಳಿಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಅಕ್ಷರ ಅಳಿಯುವುದಿಲ್ಲ ಎಂದು ಬಹಳ ಜನ ನಂಬುತ್ತಾರೆ, ಓದುವುದು ಹೇಗೆಂದು ಇನ್ನೂ ಕಲಿತಿಲ್ಲ. ಈ ಬಂಡೆಯ ಕಥೆಯೂ ಹಾಗೇ ಇತ್ತಲ್ಲ. ಇದರ ಬ್ರಾಹ್ಮಿ ಲಿಪಿಯನ್ನು ಓದುವವರು ಶತಮಾನಗಳ ಕಾಲ ಯಾರೂ ಇರಲಿಲ್ಲ; ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ್ದು 1837ರಲ್ಲಿ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡ ತನ್ನ ಹೆಸರು ಹೇಳಿ, ‘ಲಿಪಿಕಾರ’ ಎಂಬುದನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಅದು ಅಲ್ಲೇ ಇದೆ.

ಈವರೆಗೆ ಪತ್ತೆಯಾಗಿರುವ ಕಪ್ಪುಕುಳಿಗಳಲ್ಲಿ ನಮಗೆ ತೀರ ಹತ್ತಿರದ್ದೂ ಸಾವಿರದೈನೂರು ಜ್ಯೋತಿರ್ವರ್ಷಕ್ಕಿಂತ ಹೆಚ್ಚು ದೂರದಲ್ಲಿದೆ. ಅಕ್ಷರಗುಂಡಿಗೆ ಅದರಿಂದ ಅಪಾಯವಿಲ್ಲ. ಬೆಟ್ಟ ಹತ್ತುವ ದಾರಿಯಲ್ಲಿ ಬೇರೆ ಬಂಡೆಗಳ ಮೇಲೆ ಮೊಳೆಯಲ್ಲಿ ಗೀಚಿದ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು ಕಂಡವು. ಬ್ರಹ್ಮಗಿರಿಗೆ ಹೋದಾಗ ದಯವಿಟ್ಟು ಮೊಳೆ ಜೇಬಲ್ಲೇ ಇರಲಿ.