ಕುದುರೆ ಗಾಡಿಗೆ ಬೇಕು ಮಣ್ಣಿನ ಹಾದಿ

ಲಾಳ ಹೊಡೆಯುವ ಹಿರಿಯರು ಕುದುರೆಯ ಮುಂಗಾಲೆತ್ತಿ ತಮ್ಮ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡರು. ಬೆಳೆದ ಗೊರಸನ್ನು ಬಾಗಿದ ಚಾಕುವಿನಿಂದ ಹೆರೆದು, ಅರದಿಂದ ಉಜ್ಜಿ ಮಟ್ಟ ಮಾಡಿದರು. ಲಾಳ ಇಟ್ಟು ನೋಡಿದರು, ಕೂರಲಿಲ್ಲ. ಸುತ್ತಿಗೆಯಿಂದ ಎರಡೇಟು ಬಡಿದು ಮತ್ತೆ ಇಟ್ಟರು. ಮೊಳೆ ಹೊಡೆಯುವಾಗ ಮಾತ್ರ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ಗೊರಸಿನ ಹೊರಪದರಕ್ಕೆ ನೋವಿಲ್ಲ. ಮೊಳೆ ಕೊಂಚ ಒಳಸರಿದರೂ ಜೀವವಿರುವ ಭಾಗಕ್ಕೆ ತಾಗಿ ಕುದುರೆ ಕುಂಟುತ್ತದೆ. ಪಕ್ಕದಲ್ಲಿ ಹೊರಬಂದ ತುದಿಯನ್ನು ಕತ್ತರಿಸಿ, ಮಡಚಿ, ಮತ್ತೆ ಅರ ಹಿಡಿದರು. ಐದಾರು ವಾರಕ್ಕೊಮ್ಮೆ ಈ ಕೆಲಸ ಆಗಲೇಬೇಕು. ಇಷ್ಟು ಜೋಪಾನ ಮಾಡಿದ ಕಾಲನ್ನು ಡಾಂಬರಿನ ಮೇಲೆ ಓಡಿಸುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. ಗಟ್ಟಿ ನೆಲದ ಪೆಟ್ಟು ನೇರ ಕೀಲಿಗೆ ಹೋಗುತ್ತದೆ, ಕಬ್ಬಿಣದ ಲಾಳ ನುಣುಪು ರಸ್ತೆಯಲ್ಲಿ ಜಾರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಜಾತ್ರೆಗಳಲ್ಲಿ ಗಾಡಿ ಶರ್ಯತ್ತು ಎಂದರೆ ಊರಿಗೆ ಊರೇ ನೆರೆಯುತ್ತದೆ. ಹಗುರವಾದ ಗಾಡಿ, ಮೇಲೊಬ್ಬ ಸವಾರ. ಕೆಲವೆಡೆ ಕುದುರೆಗೆ ಎತ್ತನ್ನೇ ಜೋಡಿ ಕಟ್ಟುವುದೂ ಉಂಟು. ರಸ್ತೆಯಲ್ಲೇ ಓಟ ನಡೆದರೆ ಹಿಂದೆ ಮುಂದೆ ಕೇಕೆ ಹಾಕುವ ಬೈಕುಗಳ ದಂಡು. ಎದುರಿನಿಂದ ಬಸ್ಸು ಬಂದರೆ ದೇವರೇ ಗತಿ.

ಬಸ್ಸು, ಆಟೊ ಬರುವ ಮೊದಲು ಟಾಂಗಾ ಹಲವು ಮನೆಗಳಿಗೆ ಅನ್ನ ಕೊಟ್ಟಿತ್ತು. ಮೈಸೂರಿನಲ್ಲೂ ವಿಜಯಪುರದ ಗೋಳಗುಮ್ಮಟದ ಸುತ್ತಲೂ ಅದರ ಕೊನೆಯ ತಲೆಮಾರು ಇನ್ನೂ ಬಾಡಿಗೆಗೆ ಕಾಯುತ್ತಿದೆ. ಜಾತ್ರೆಯ ಓಟ ನಿಂತರೆ ಕುದುರೆ ಸಾಕುವ ಹುರುಪೂ ಲಾಳದ ಕಸುಬೂ ಇನ್ನಷ್ಟು ಸೊರಗುತ್ತವೆ.

ಕಾನೂನಿನಲ್ಲಿ ಈ ಆಟಕ್ಕೆ ಸರಿಯಾದ ಜಾಗವಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ತಡೆಯಿತು. 2017ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಕಂಬಳಕ್ಕೂ ಎತ್ತಿನ ಓಟಕ್ಕೂ ದಾರಿ ಮಾಡಿತು; 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯಲ್ಲಿ ಕುದುರೆಯ ಹೆಸರಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆ ಪಂದ್ಯವನ್ನು ತಡೆಯುತ್ತದೆ, ಆದರೆ ಮೋಟಾರು ವಾಹನಗಳಿಗೆ ಮಾತ್ರ. ಹೀಗಾಗಿ ಪೊಲೀಸರಿಗೆ ಉಳಿಯುವುದು ಅಜಾಗರೂಕ ಚಾಲನೆ ಅಥವಾ ಪ್ರಾಣಿಹಿಂಸೆಯ ಮೊಕದ್ದಮೆ, ಅದೂ ಅನಾಹುತವಾದ ಮೇಲೆ.

ರಸ್ತೆ ಬಿಟ್ಟು ಓಡಿಸುವ ದಾರಿಯೂ ಇದೆ. ಪ್ಯಾರಿಸ್‌ನ ವಿನ್ಸೆನ್ ಅಂಗಳದಲ್ಲಿ 1920ರಿಂದ ಕುದುರೆ ಗಾಡಿಗಳ ದೊಡ್ಡ ಪಂದ್ಯವೊಂದು ನಡೆದು ಬಂದಿದೆ. ಅಲ್ಲಿ ಪ್ರತ್ಯೇಕ ಹಾದಿಯಿದೆ, ನಡಿಗೆಯ ನಿಯಮವಿದೆ, ನಿಯಮ ಮೀರಿ ನಾಗಾಲೋಟಕ್ಕಿಳಿದ ಕುದುರೆಯನ್ನು ಪಂದ್ಯದಿಂದ ಹೊರಗಿಡುತ್ತಾರೆ.

ನಮ್ಮಲ್ಲಿ ಅಷ್ಟು ವೈಭವ ಬೇಕಿಲ್ಲ. ಊರಾಚೆ ಬೇಲಿ ಹಾಕಿದ ಒಂದು ಮಣ್ಣಿನ ಹಾದಿ, ಓಟಕ್ಕೆ ಮೊದಲು ಪಶುವೈದ್ಯರ ತಪಾಸಣೆ, ಬಾರುಕೋಲಿಗೆ ನಿಷೇಧ, ಮಟಮಟ ಮಧ್ಯಾಹ್ನದ ಓಟಕ್ಕೆ ತಡೆ ಇದ್ದರೆ ಸಾಕು. ರಸ್ತೆ ಓಟವನ್ನು ಕಟ್ಟುನಿಟ್ಟಾಗಿ ನಿಲ್ಲಿಸುವ ಸರ್ಕಾರವೇ ಈ ಹಾದಿಯನ್ನೂ ತೋರಿಸಬೇಕು. ಜಾತ್ರಾ ಕಮಿಟಿಗಳು ಅದಕ್ಕೆ ಕಾಯದೆ, ಬರುವ ಜಾತ್ರೆಯಿಂದಲೇ ಗಾಡಿಗಳನ್ನು ಡಾಂಬರಿನಿಂದ ಕೆಳಗಿಳಿಸಲಿ.