ಹಗರಿ ಸೀಮೆಗೆ ಯಾವ ರೇಡಿಯೊ?

ರಾಯದುರ್ಗ ಕಡೆಯ ನಮ್ಮಂಥ ಹಳ್ಳಿಗಳಲ್ಲಿ ರೇಡಿಯೊ ಅಂದರೆ ಒಂದಲ್ಲ, ಎರಡು ಮೂರು. 101.7ಕ್ಕೆ ಮುಳ್ಳು ತಂದರೆ ಅನಂತಪುರ, ತೆಲುಗು. ಸ್ವಲ್ಪ ಮುಂದೆ 102.6ಕ್ಕೆ ಚಿತ್ರದುರ್ಗ, ಕನ್ನಡ. ಮಾಳಿಗೆ ಹತ್ತಿ ಏರಿಯಲ್ ಎಳೆದು ಹಿಡಿದರೆ ಕೆಲವು ದಿನ ಹೊಸಪೇಟೆಯ 100.5 ಕೂಡ ಗರಗರ ಅಂತ ಸಿಕ್ಕೀತು. ತೊಂಬತ್ತರ ದಶಕದ ಮೊದಲಲ್ಲಿ ಈ ಸ್ಥಳೀಯ ನಿಲಯಗಳು ಶುರುವಾದಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದಿದ್ದ ಹುಡುಗ. ಬೆಂಗಳೂರು, ಧಾರವಾಡ, ಕಡಪದ ದೂರದ ದನಿಗಳನ್ನೇ ಕೇಳಿ ಬೆಳೆದವರಿಗೆ ಪಕ್ಕದ ತಾಲ್ಲೂಕಿನ ರೈತನ ಕೆಮ್ಮು ಸಮೇತ ಮಾತು ಪೆಟ್ಟಿಗೆಯಿಂದ ಬಂದದ್ದು ಸಣ್ಣ ಸಂಗತಿಯಲ್ಲ.

ಆದರೆ ನಮ್ಮ ಬೆಳೆಗೇ ಆ ಪೆಟ್ಟಿಗೆ ಹೊಸ ಹೆಸರು ಕಲಿಸಿತು. ನಾವು ಶೇಂಗಾ ಅಂತೀವಿ. ಪಕ್ಕದ ಹೊಲದ ತೆಲುಗಿನವರು ಸೆನಕ್ಕಾಯ ಅಂತಾರೆ. ಕನ್ನಡ ರೇಡಿಯೊ ನೆಲಗಡಲೆ ಅಂದಿತು, ತೆಲುಗು ರೇಡಿಯೊ ವೇರುಶನಗ ಅಂದಿತು. ‘ಅವೆರಡೂ ಸರಕಾರದ ಬೆಳೆ ಕಣಪ್ಪಾ, ನಮ್ಮ ಹೊಲದಾಗೆ ಇಲ್ಲ’ ಅಂತ ನಮ್ಮೂರ ಹಿರಿಯರೊಬ್ಬರು ನಗುತ್ತಿದ್ದರು.

ನಗು ಸಾಕು. 2000ನೇ ಇಸವಿಯ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಶೇಂಗಾಕ್ಕೆ ಬಂದ ವೈರಸ್ ರೋಗವನ್ನು ಈ ಸೀಮೆಯವರು ಮರೆತಿಲ್ಲ. ಕಾಂಡ ಕಪ್ಪಾಗಿ, ಕುಡಿ ಬಾಡಿ, ಗಿಡ ನಿಂತಲ್ಲೇ ಒಣಗಿತು. ಸುಮಾರು 2.25 ಲಕ್ಷ ಹೆಕ್ಟೇರ್ ಕೆಟ್ಟಿತು, 300 ಕೋಟಿ ರೂಪಾಯಿಗೂ ಮೇಲೆ ನಷ್ಟ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. ಕಾರಣ ಹುಡುಕಿದರೆ ಸಿಕ್ಕಿದ್ದು ರಸ್ತೆಬದಿಯ ಕಾಂಗ್ರೆಸ್ ಕಸ. ಆ ಗಿಡಕ್ಕೆ ರೋಗದ ಗುರುತೇ ಇರೋದಿಲ್ಲ, ಆದರೆ ಅದರ ಹೂವಿನ ಹುಡಿಯಲ್ಲಿ ವೈರಸ್ ಇರುತ್ತದೆ. ಥ್ರಿಪ್ಸ್ ಎಂಬ ಸಣ್ಣ ನುಸಿ ಮೈಗೆ ಹುಡಿ ಅಂಟಿಸಿಕೊಂಡು ಹಾರಿ ಬಂದು ಶೇಂಗಾದ ಎಲೆ ಕೆರೆದರೆ ಮುಗಿಯಿತು. ಮದ್ದು ಹೊಡೆದು ಪ್ರಯೋಜನವಿಲ್ಲ. ಕಸ ಹೂ ಬಿಡುವ ಮೊದಲೇ ಕೀಳಬೇಕು, ಹೊಲದ ಸುತ್ತ ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ಸಾಲು ಹಾಕಿ ನುಸಿಯನ್ನು ತಡೆಯಬೇಕು.

ಒಂದು ನಿಲಯದಲ್ಲಿ, ಯಾವುದು ಅಂತ ಬೇಡ, ಈ ರೋಗದ ಮೇಲೆ ರೈತರ ಮಾತುಕತೆಗೆ ನನ್ನನ್ನೂ ಕೂರಿಸಿದ್ದರು. ಮೊದಲೇ ಬರೆದು ಕೊಡಬೇಕಿತ್ತು. ನನ್ನ ಹಾಳೆ ನೋಡಿದ ಅಲ್ಲಿನವರು, ‘ಕಾಂಗ್ರೆಸ್ ಕಸ ಅನ್ನಬೇಡಿ ಯಜಮಾನ್ರೇ, ಚುನಾವಣೆ ಹತ್ತಿರ ಐತೆ. ಪಾರ್ಥೇನಿಯಂ ಅನ್ನಿ’ ಅಂದರು. ನಮ್ಮವರಿಗೆ ಪಾರ್ಥೇನಿಯಂ ಅಂದರೆ ಮೆಡಿಕಲ್ ಸ್ಟೋರಿನ ಮಾತ್ರೆ. ತೆಲುಗಿನಲ್ಲಿ ಅದಕ್ಕೆ ವಯ್ಯಾರಿಭಾಮ ಅಂತ ಚೆಂದದ ಹೆಸರಿದೆ, ಅದನ್ನಾದರೂ ಹೇಳಲೇ ಅಂದೆ. ಒಯ್ಯಾರದ ಹೆಣ್ಣು ಅಂತ ಅರ್ಥ ಆಗ್ತದೆ, ಅದೂ ಬೇಡ ಅಂದರು. ಕೊನೆಗೆ ‘ಬಿಳಿ ಹೂವಿನ ಆ ಕಸ’ ಅಂತ ಹೇಳಿ ಎದ್ದು ಬಂದೆ. ಕೇಳಿದವರಲ್ಲಿ ಎಷ್ಟು ಮಂದಿ ತುಂಬೆಗಿಡ ಕಿತ್ತರೋ ದೇವರೇ ಬಲ್ಲ!

ಇದಕ್ಕಿಂತ ದೊಡ್ಡ ಮಾತು ಹಗರಿಯದು. ಬಾಬಾಬುಡನ್ ಗಿರಿ ಕಡೆಯಿಂದ ವೇದಾ, ಅವತಿ ಎಂಬ ಎರಡು ಹೊಳೆ ಇಳಿದು ಬಂದು ಕಡೂರಿನ ಹತ್ತಿರ ಕೂಡಿ ವೇದಾವತಿ ಆಗುತ್ತವೆ. ನಮಗೆ ಅದು ಹಗರಿ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು, ಆಮೇಲೆ ಗಡಿ ದಾಟಿ ನಮ್ಮ ಭೈರವಾನಿ ತಿಪ್ಪ ಜಲಾಶಯಕ್ಕೆ ಬಂದು, ಕಣೇಕಲ್ಲು ಬಳಸಿ, ಮತ್ತೆ ಗಡಿ ದಾಟಿ ಬಳ್ಳಾರಿ, ಸಿರುಗುಪ್ಪದ ಕಡೆ ಹೋಗಿ ತುಂಗಭದ್ರೆಗೆ ಸೇರುತ್ತದೆ. ಎರಡು ಸಲ ಗಡಿ ದಾಟುವ ಹೊಳೆ. 1892ರಲ್ಲಿ ಮೈಸೂರು, ಮದ್ರಾಸು ಸರಕಾರಗಳು ಮಾಡಿಕೊಂಡ ಒಪ್ಪಂದದ ಪಟ್ಟಿಯಲ್ಲೇ ಇದರ ಹೆಸರಿದೆ. ಅಂದರೆ ಜಗಳ ನಮ್ಮ ಮುತ್ತಜ್ಜಂದಿರ ಕಾಲದ್ದು.

ನೀರು ಬಾರದ ವರ್ಷಗಳಲ್ಲಿ ಹೊಳೆಯ ಒಡಲು ಬರೀ ಮರಳು. ಆಷಾಢದ ಗಾಳಿ ಅದನ್ನು ಎತ್ತಿ ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳ ಮೇಲೆ ಸುರಿಯುತ್ತದೆ. ಅಲ್ಲಿನ ದಿಬ್ಬಗಳನ್ನು ನೋಡಿದ ಹೊರಗಿನವರು ರಾಜಸ್ಥಾನ ಅಂತ ಫೋಟೊ ತೆಗೆಸಿಕೊಳ್ಳುತ್ತಾರೆ. ಬಿತ್ತಿದವನಿಗೆ ಫೋಟೊ ಬೇಕಾಗಿಲ್ಲ. ರಾತ್ರಿ ಗಾಳಿ ಬೀಸಿದರೆ ಬೆಳಿಗ್ಗೆ ಮೊಳಕೆ ಕಾಣೋದಿಲ್ಲ. 2022ರ ಸೆಪ್ಟೆಂಬರಿನಲ್ಲಿ, 1933ರ ನಂತರ ಮೊದಲ ಸಲ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಮೇಲಿನವರು ಬಾಗಿನ ಕೊಟ್ಟರು, ಕೆಳಗಿನವರು ಹೊಳೆ ನೋಡೋಕೆ ಮಕ್ಕಳನ್ನು ಕರಕೊಂಡು ಹೋದರು. ಒಂದೇ ನೀರಿಗೆ ಎರಡು ಜಾತ್ರೆ. ಎರಡೂ ಜಾತ್ರೆಯವರನ್ನು ಒಂದೇ ಮೈಕಿನ ಮುಂದೆ ಕೂರಿಸಿದ್ದನ್ನು ನಾನಂತೂ ಕೇಳಲಿಲ್ಲ.

1953ರಲ್ಲಿ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿದವು. ಅದನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಎರಡು ಭಾಷೆಯಲ್ಲಿ ಪದ್ಯ ಬರೆಯುವವನಿಗೆ ಎರಡೂ ಮನೆಯೇ. ಆದರೆ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿಗಳನ್ನು ನಿಲ್ಲಿಸಿದಾಗ, ಓಬಳಾಪುರಂ ಗುಡ್ಡದ ಗಡಿಕಲ್ಲು ಎಲ್ಲಿದ್ದವು ಅಂತ ಡಿ. ಹಿರೇಹಾಳಿನ ಚಹಾದಂಗಡಿಯಲ್ಲಿ ನಡೆದಷ್ಟು ಒಳ್ಳೆಯ ಚರ್ಚೆ ಎಲ್ಲೂ ನಡೆದಿರಲಿಕ್ಕಿಲ್ಲ. ಒಬ್ಬ ತೆಲುಗಿನಲ್ಲಿ ಕೇಳುತ್ತಿದ್ದ, ಇನ್ನೊಬ್ಬ ಕನ್ನಡದಲ್ಲಿ ಹೇಳುತ್ತಿದ್ದ, ಯಾರಿಗೂ ಅನುವಾದ ಬೇಕಿರಲಿಲ್ಲ. ಅದೇ ಮಾತು ರೇಡಿಯೊಗೆ ಯಾಕೆ ಬರಬಾರದು?

ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. 2006ರಲ್ಲಿ ಕೇಂದ್ರ ಸರಕಾರ ಲಾಭಕ್ಕಲ್ಲದ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ನಡೆಸಲು ದಾರಿ ತೆರೆಯಿತು. ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರಿನಲ್ಲಿ ದಲಿತ ಹೆಣ್ಣುಮಕ್ಕಳೇ ಸಂಗಂ ರೇಡಿಯೊ ಶುರು ಮಾಡಿದರು. ಬೀದರ್ ಅಲ್ಲಿಂದ ದೂರವಿಲ್ಲ. ಬೀಜ, ಸಿರಿಧಾನ್ಯ, ಹಬ್ಬದ ಹಾಡು, ಎಲ್ಲ ಅವರ ಮಾತಿನಲ್ಲೇ. ಕೋಲಾರದ ಕಡೆ ಬೂದಿಕೋಟೆಯಲ್ಲಿ ಅದಕ್ಕೂ ಮುಂಚೆ, ಲೈಸೆನ್ಸ್ ಸಿಗದ ಕಾಲದಲ್ಲಿ, ಕೇಬಲ್ ತಂತಿಯ ಮೇಲೆ ‘ನಮ್ಮ ಧ್ವನಿ’ ಮನೆಮನೆಗೆ ಹೋಗುತ್ತಿತ್ತು.

ಇಂಥ ರೇಡಿಯೊ ಕೇಳುವುದು ಹತ್ತು ಹದಿನೈದು ಕಿಲೋಮೀಟರು ಅಷ್ಟೇ. ನಮಗೆ ಅಷ್ಟು ಸಾಕು, ಗಡಿ ಅದರೊಳಗೇ ಬರುತ್ತದೆ. ತೊಡಕು ಬೇರೆ ಇದೆ. ಸ್ವಂತ ಸುದ್ದಿ, ರಾಜಕೀಯ ಹೇಳಬಾರದು ಎಂದು ನಿಯಮ. ಹಗರಿ ನೀರಿನ ಮಾತು ಪರಿಸರವೋ ರಾಜಕೀಯವೋ? ಮರಳಿನ ಟ್ರ್ಯಾಕ್ಟರ್ ವಿಷಯ ತೆಗೆದರೆ ಕೃಷಿಯೋ ರಾಜಕೀಯವೋ? ನನ್ನ ಅಭಿಪ್ರಾಯ ಕೇಳಿದರೆ, ರೈತ ಬಾಯಿ ತೆರೆದರೆ ಬರೋದೆಲ್ಲ ರಾಜಕೀಯವೇ. ಪಕ್ಷದ ಹೆಸರು ಬಿಟ್ಟು ಮಾತಾಡಿದರೂ ಉಳಿಯುವಷ್ಟು ಮಾತು ನಮ್ಮಲ್ಲಿದೆ.

ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು. ಕಣೇಕಲ್ಲು ಕಡೆಯ ಒಂದು ಮಹಿಳಾ ಸಂಘದವರ ಜೊತೆ ಕೂತು ಕಾಗದಪತ್ರ ನೋಡುತ್ತಿದ್ದೇವೆ. ಖರ್ಚು ಎಷ್ಟು, ಕರೆಂಟು ಹೋದರೆ ಏನು ಗತಿ ಅಂತೆಲ್ಲ ಕೇಳಿದ ಮೇಲೆ ಅವರಲ್ಲೊಬ್ಬರು, ‘ಅಣ್ಣಾ, ಮೊದಲ ದಿನ ತೆಲುಗಿನಾಗೆ ಮಾತಾಡೋಣೋ, ಕನ್ನಡದಾಗೋ?’ ಅಂದರು. ಮೊದಲ ದಿನ ಮರಳಿನ ಬಗ್ಗೆ ಮಾತಾಡೋಣ ತಾಯಿ, ನೀವು ಮನೆಯಲ್ಲಿ ಹೆಂಗೆ ಮಾತಾಡ್ತೀರೋ ಹಂಗೆ ಅಂದೆ.